ಅಕ್ಷರ, ಕೂಲಿ ಮತ್ತು ನೆಲ್ಲೂರಿನ ಮಹಿಳೆಯರು

ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ವಯಸ್ಕರ ಅನಕ್ಷರತೆಗೆ ಕಾರಣವೇನೆಂದು ಕೇಳಿದರೆ, ನಿಮ್ಮಲ್ಲಿ ಹಲವರು ಶಾಲೆಗಳ ಕೊರತೆ ಎಂದು ಉತ್ತರಿಸಬಹುದು. ಅದು ಸುಳ್ಳಲ್ಲ, ಆದರೆ ಪೂರ್ಣ ಉತ್ತರವೂ ಅಲ್ಲ. ನಮ್ಮ ದೇಶವನ್ನೇ ನೋಡಿ. ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳಲ್ಲಿ ಊರೂರಿಗೆ ಶಾಲೆಗಳು ಬಂದವು. ಆದರೂ 1991ರ ಜನಗಣತಿಯಲ್ಲಿ ಪುರುಷರ ಸಾಕ್ಷರತೆ ಶೇ. 64.13 ಇದ್ದರೆ, ಮಹಿಳೆಯರದು ಶೇ. 39.29 ಮಾತ್ರ. ಒಂದೇ ಊರು, ಒಂದೇ ಶಾಲೆ. ಆದರೂ ಇಷ್ಟು ಅಂತರವೇಕೆ?

ಉತ್ತರ ಮನೆಯೊಳಗಿದೆ, ಹೊಲದಲ್ಲಿದೆ. ಬಡವರ ಮನೆಯ ಹುಡುಗಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು, ನೀರು ಸೌದೆ ತರಬೇಕು. ಬೆಳೆದ ಮೇಲೆ ಹಗಲೆಲ್ಲ ಕೂಲಿ, ರಾತ್ರಿ ಅಡುಗೆ. 'ಹೆಣ್ಣಿಗೇಕೆ ಓದು' ಎಂಬ ಮಾತು ಬೇರೆ. ಅಕ್ಷರ ಕಲಿತರೆ ನಾಳೆಯ ಕೂಲಿ ಹೆಚ್ಚುವುದಿಲ್ಲ ಎಂದು ತಿಳಿದವರು ರಾತ್ರಿ ಶಾಲೆಗೆ ಏಕೆ ಬಂದಾರು?

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿತು. ಮುಂದೆ ಅದೇ ಮಾದರಿಯ ಆಂದೋಲನ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಗೂ ಬಂದಿತು. ಅಲ್ಲಿನ ರಾತ್ರಿ ತರಗತಿಗಳಲ್ಲಿ ಕೂಲಿಕಾರ ಮಹಿಳೆಯರು ಅಕ್ಷರದ ಜೊತೆಗೆ ತಮ್ಮ ಬದುಕಿನ ಲೆಕ್ಕವನ್ನೂ ಚರ್ಚಿಸತೊಡಗಿದರು. ಗಂಡಂದಿರ ಕೂಲಿ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. ಮನೆಯ ಒಲೆ ಉರಿಯುವುದು ಹೆಂಗಸರ ಕೂಲಿಯಿಂದ. ದೂಬಗುಂಟ ಎಂಬ ಹಳ್ಳಿಯ ಮಹಿಳೆಯರು ಒಗ್ಗೂಡಿ ತಮ್ಮೂರಿನ ಸಾರಾಯಿ ಮಾರಾಟವನ್ನು ನಿಲ್ಲಿಸಿದರು. ಈ ಘಟನೆಯೇ ನವಸಾಕ್ಷರರ ಪುಸ್ತಕದಲ್ಲಿ ಪಾಠವಾಗಿ ಅಚ್ಚಾಯಿತು. ಅದನ್ನು ಓದಿದ, ಓದಿಸಿ ಕೇಳಿದ ಬೇರೆ ಹಳ್ಳಿಗಳವರು 'ನಾವೇಕೆ ಸುಮ್ಮನಿರಬೇಕು' ಎಂದರು. 1992ರಲ್ಲಿ ಮಹಿಳೆಯರು ಸಾರಾಯಿ ಹರಾಜುಗಳನ್ನೇ ತಡೆದರು. ಅಬಕಾರಿ ಸರ್ಕಾರದ ದೊಡ್ಡ ಆದಾಯಮೂಲ. ಆದರೂ 1993ರಲ್ಲಿ ರಾಜ್ಯದಾದ್ಯಂತ ಸಾರಾಯಿ ನಿಷೇಧವಾಯಿತು. 1995ರಲ್ಲಿ ಸಂಪೂರ್ಣ ಪಾನನಿಷೇಧವೂ ಬಂದಿತು. ಬೊಕ್ಕಸದ ಒತ್ತಡದಿಂದ 1997ರಲ್ಲಿ ಅದು ಸಡಿಲಗೊಂಡದ್ದನ್ನೂ ನಾವು ಮರೆಯಬಾರದು.

ಇದರಿಂದ ತಿಳಿಯುವುದೇನು? ಬಡತನ ಮತ್ತು ಸಾಮಾಜಿಕ ಕಟ್ಟುಪಾಡು ಅಕ್ಷರವನ್ನು ತಡೆಯುತ್ತವೆ ಎಂಬುದು ಒಂದು ಮುಖ. ಅದೇ ಬಡತನದ ಪ್ರಶ್ನೆಯನ್ನು ಪಾಠ ಎತ್ತಿಕೊಂಡಾಗ, ದಣಿದು ಬಂದವರೂ ಪುಸ್ತಕ ತೆರೆಯುತ್ತಾರೆ ಎಂಬುದು ಇನ್ನೊಂದು ಮುಖ. ಬಳಕೆಯಿಲ್ಲದ ಅಕ್ಷರ ಮರೆತುಹೋಗುತ್ತದೆ. ಬದುಕಿಗೆ ಬೇಕಾದ ಅಕ್ಷರ ಉಳಿಯುತ್ತದೆ.

ನಿಮ್ಮ ಊರಿನಲ್ಲಿ ಓದು ಕಲಿಯಲಾಗದ ಹಿರಿಯರಿದ್ದರೆ, ಅವರನ್ನು ಅಡ್ಡಿಪಡಿಸಿದ್ದು ಏನು ಎಂದು ಗೌರವದಿಂದ ಕೇಳಿ ನೋಡಿ. ಪಠ್ಯಪುಸ್ತಕದಲ್ಲಿಲ್ಲದ ಇತಿಹಾಸ ನಿಮಗೆ ಅಲ್ಲಿ ಸಿಕ್ಕೀತು.