ಬಾಂದು ಕಲ್ಲಿಗೂ ಬೇಕು ನೆರೆಯವರ ರುಜು

ಜಮೀನಿನ ಗಡಿ ಗುರುತಿಸಿಕೊಡುವ ಹದ್ದುಬಸ್ತಿಗೆ ಅರ್ಜಿ ಬಂದರೆ ಭೂಮಾಪಕ ಮೊದಲು ಚೈನು ಹಿಡಿಯುವುದಿಲ್ಲ, ನೋಟಿಸು ಕಳಿಸುತ್ತಾನೆ. ಚಕ್ಕುಬಂದಿಯಲ್ಲಿ, ಅಂದರೆ ಸುತ್ತಲಿನ ನಾಲ್ಕೂ ಎಲ್ಲೆಯಲ್ಲಿ, ಯಾರ್‍ಯಾರ ಜಮೀನಿದೆಯೋ ಅವರಿಗೆಲ್ಲ ದಿನ, ವೇಳೆ ತಿಳಿಸಬೇಕು. ಅವರು ಬಂದು ನಿಂತ ಮೇಲೆ ಮೂಲ ಅಳತೆಯ ಟಿಪ್ಪಣಿ ನೋಡಿ ಹಳೆಯ ಬಾಂದು ಕಲ್ಲು ಹುಡುಕಬೇಕು, ಅಳೆಯಬೇಕು, ಮಹಜರು ಬರೆದು ರುಜು ಪಡೆಯಬೇಕು. ಒಪ್ಪದವರಿದ್ದರೆ ಅವರ ತಕರಾರನ್ನೂ ಅದರಲ್ಲೇ ದಾಖಲಿಸಬೇಕು. ಬೆಂಗಳೂರು ಉತ್ತರ ತಾಲ್ಲೂಕಿನಲ್ಲಿ ಸರ್ವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಎರಡು ಗುಂಟೆ ಜಾಗಕ್ಕೂ ಈ ಕ್ರಮ ತಪ್ಪಿಸುವಂತಿರಲಿಲ್ಲ. ಅದೇ ಜಮೀನುಗಳ ಮೇಲೆ ಮಹಾನಗರದ ನಕ್ಷೆ ಬರೆಯುವಾಗ ಅಲ್ಲಿದ್ದವರನ್ನು ಯಾವಾಗ ಕರೆದರು, ಎಷ್ಟು ಕೇಳಿದರು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ನಮ್ಮ ಕಡೆಯ ಹಳೆಯ ಗ್ರಾಮ ನಕ್ಷೆ ಯಾವುದನ್ನಾದರೂ ಬಿಡಿಸಿ ನೋಡಿ. ಮೂವತ್ತಮೂರು ಅಡಿಯ ಚೈನು, ಅದರಲ್ಲಿ ಹದಿನಾರು ಆಣೆ. ಆ ಚೈನು ಚದರವಾದರೆ ಒಂದು ಗುಂಟೆ. ಆ ಲೆಕ್ಕದಲ್ಲಿ ಅಳೆದ ಸರ್ವೆ ನಂಬರುಗಳ ನಡುವೆ ಕೆರೆ, ಏರಿ, ಗುಂಡುತೋಪು, ಗೋಮಾಳ, ಸ್ಮಶಾನ, ಬಂಡಿದಾರಿ ಎಲ್ಲವೂ ಇರುತ್ತವೆ. ಹಳ್ಳ, ಕಾಲುವೆಗಳು ಜಮೀನುಗಳನ್ನು ಸೀಳಿಕೊಂಡು ಹೋಗಿರುತ್ತವೆ. ಕಂದಾಯದ ದಾಖಲೆಯಾದ ಆಕಾರಬಂದಿನಲ್ಲಿ ಇವುಗಳಲ್ಲಿ ಹಲವನ್ನು ಖರಾಬು ಎಂದು ಬರೆದಿದೆ. ಕಂದಾಯ ಕಟ್ಟುವ ಹಾಗಿಲ್ಲ ಎಂದಷ್ಟೇ ಅದರ ಅರ್ಥ, ಕೆಲಸಕ್ಕೆ ಬಾರದ ನೆಲ ಎಂದಲ್ಲ. ಇಡೀ ಊರು ಬದುಕಿದ್ದೇ ಆ ಖರಾಬಿನ ಮೇಲೆ.

ಯಲಹಂಕ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ. ಮೇಲಿನ ಊರಿನವರು ಕೋಡಿಯನ್ನು ಒಂದಡಿ ಎತ್ತರಿಸಿದರೆ ಕೆಳಗಿನ ಊರಿನ ಗದ್ದೆ ಒಣಗುತ್ತದೆ, ಮೇಲಿನವರ ಹೊಲ ಮುಳುಗುತ್ತದೆ. ಆದ್ದರಿಂದ ಒಂದು ಕೆರೆಯ ತೀರ್ಮಾನ ಒಂದೇ ಊರಿನದಾಗಿರಲು ಸಾಧ್ಯವಿರಲಿಲ್ಲ. ಮಳೆಗಾಲ ಮುಗಿದಾಗ ಕೆರೆಯಲ್ಲಿ ಎಷ್ಟು ನೀರು ನಿಂತಿದೆ ನೋಡಿ, ಅಚ್ಚುಕಟ್ಟಿನಲ್ಲಿ ಎಷ್ಟಕ್ಕೆ ಭತ್ತ, ಎಷ್ಟಕ್ಕೆ ರಾಗಿ ಎಂದು ರೈತರು ಕೂತು ನಿಶ್ಚಯಿಸುತ್ತಿದ್ದರು. ತೂಬು ಎತ್ತುವುದು, ಸರದಿಯಂತೆ ನೀರು ಬಿಡುವುದು ನೀರುಗಂಟಿಯ ಕೆಲಸ. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಈ ಏರ್ಪಾಡಿನಲ್ಲಿ ಎಲ್ಲರಿಗೂ ಸಮನಾದ ಮಾತಿತ್ತೆಂದು ನಾನು ಹೇಳಲಾರೆ. ಜಮೀನಿಲ್ಲದವರಿಗೆ, ಹೆಂಗಸರಿಗೆ, ದಲಿತ ಕೇರಿಯವರಿಗೆ ಆ ಸಭೆಯಲ್ಲಿ ಜಾಗ ಇರಲಿಲ್ಲ. ನೀರುಗಂಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆ ನ್ಯಾಯವಾದದ್ದೇ. ಆದರೆ ಹುದ್ದೆ ಹೋದ ಜಾಗದಲ್ಲಿ ಎಲ್ಲರೂ ಕೂರಬಲ್ಲ ಸಭೆಯೊಂದು ಬರಬೇಕಿತ್ತು. ಬಂದದ್ದು ಇಲಾಖೆ.

ನೆಲವನ್ನು ಊರುಗಳ ಗುಂಪಾಗಿ ನೋಡುವುದು ಇಲ್ಲಿ ಹೊಸತೇನಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದರಲ್ಲಿ ಪೆರ್ಬೊಳಲ್‌ನಾಡು ಮೂವತ್ತರ, ಅಂದರೆ ಮೂವತ್ತು ಊರುಗಳ ನಾಡಿನ, ಹೆಸರಿದೆ. ಮಣ್ಣುಪಾಲಾಗಲಿದ್ದ ಆ ಕಲ್ಲಿಗೆ ಮಂಟಪ ಎದ್ದದ್ದು ಶಾಸನಾಸಕ್ತರೂ ಊರಿನವರೂ ಕೈಜೋಡಿಸಿದ್ದರಿಂದ.

ನಗರ ಯೋಜನೆಯ ಕಾನೂನು ಬಂದದ್ದೂ 1961ರಲ್ಲೇ. ಅದರಡಿ 1984, 1995, 2007ರಲ್ಲಿ ಬೆಂಗಳೂರಿಗೆ ನಕ್ಷೆಗಳಾದವು. ಕ್ರಮ ಹೀಗೆ: ಮೊದಲು ಕರಡು ಸಿದ್ಧ, ಆಮೇಲೆ ಪ್ರಕಟಣೆ, ಆಮೇಲೆ ಇಂತಿಷ್ಟು ದಿನದಲ್ಲಿ ಆಕ್ಷೇಪಣೆ. ಬಣ್ಣ ಬಳಿದ ಹಾಳೆಯಲ್ಲಿ ತನ್ನ ಸರ್ವೆ ನಂಬರು ಎಲ್ಲಿದೆಯೆಂದು ಹುಡುಕಿಕೊಳ್ಳುವ ಹೊತ್ತಿಗೇ ರೈತನಿಗೆ ಗಡುವು ಮುಗಿಯುತ್ತಿತ್ತು. ಹದ್ದುಬಸ್ತಿನಲ್ಲಿ ಅಳೆಯುವ ಮೊದಲು ಕರೆಯುತ್ತಾರೆ; ಇಲ್ಲಿ ಅಳೆದು, ಕಲ್ಲು ನೆಟ್ಟು, ಆಮೇಲೆ ತಕರಾರಿದೆಯೇ ಎನ್ನುತ್ತಾರೆ. 2003ರಲ್ಲಿ ಅರ್ಕಾವತಿ ಬಡಾವಣೆಗೆ 16 ಹಳ್ಳಿಗಳ ಮೂರು ಸಾವಿರಕ್ಕೂ ಹೆಚ್ಚು ಎಕರೆಗೆ ಅಧಿಸೂಚನೆ ಬಿತ್ತು. ಜಕ್ಕೂರು, ರಾಚೇನಹಳ್ಳಿ, ಸಂಪಿಗೇಹಳ್ಳಿ, ಥಣಿಸಂದ್ರ ಎಲ್ಲ ಅದರಲ್ಲಿದ್ದವು. ಮುಂದಿನದು ಕೋರ್ಟು, ಡಿನೋಟಿಫಿಕೇಷನ್, ವಿಚಾರಣಾ ಆಯೋಗ. ನಿವೇಶನಕ್ಕೆ ಹಣ ಕಟ್ಟಿದವರೂ ಜಮೀನು ಕೊಟ್ಟವರೂ ವರ್ಷಗಟ್ಟಲೆ ಅಲೆದರು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳು ಬಿಬಿಎಂಪಿಗೆ ಸೇರಿ, ಕೈಗೆ ಸಿಗುತ್ತಿದ್ದ ಕಚೇರಿಯೂ ದೂರವಾಯಿತು.

ಮೊದಲೇ ಕೇಳದಿದ್ದ ಕಡೆ ಜನ ಆಮೇಲೆ ಕೂಗಿ ಹೇಳಬೇಕಾಯಿತು. ಹೆಬ್ಬಾಳ ಕೆರೆಯನ್ನು ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟಾಗ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೆರೆಗಳ ಸ್ಥಿತಿ ಪರಿಶೀಲಿಸಿತು, 2012ರಲ್ಲಿ ತೀರ್ಪು ಬಂತು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಎಂದರು. ವೆಚ್ಚ 1,791 ಕೋಟಿ ರೂಪಾಯಿ, ಕಡಿಯಬೇಕಾದದ್ದು 812 ಮರ. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ದಾರಿಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಬಂದ 2031ರ ಕರಡು ಮಾಸ್ಟರ್ ಪ್ಲಾನಿಗೆ ಸಾವಿರಾರು ಆಕ್ಷೇಪಣೆಗಳು ಬಂದವು, ಕಡೆಗೆ ಅದನ್ನೂ ಹಿಂತೆಗೆದುಕೊಂಡರು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಎನ್ನುತ್ತಿದ್ದಾರೆ, ಮತ್ತೆ ಜನ ಬೀದಿಗಿಳಿದಿದ್ದಾರೆ. ಬೇಡ ಎಂದು ತಡೆಯುವ ಶಕ್ತಿ ಈ ಊರಿಗಿದೆ. ಏನು ಬೇಕು ಎಂದು ಮೊದಲೇ ಹೇಳುವ ಜಾಗವೇ ಇಲ್ಲ.

ಜಕ್ಕೂರು ಕೆರೆಯಲ್ಲಿ ಅಂಥ ಜಾಗದ ಒಂದು ತುಣುಕು ಕಂಡಿದ್ದೇನೆ. ಸುಮಾರು 160 ಎಕರೆಯ ಕೆರೆ. ಮೇಲ್ಭಾಗದಲ್ಲಿ ಕೊಳಚೆ ಶುದ್ಧೀಕರಣ ಘಟಕ, ಅಲ್ಲಿಂದ ಬಿಟ್ಟ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆಗೆ ಇಳಿಯುತ್ತದೆ. ಜಲಪೋಷಣ್ ಟ್ರಸ್ಟ್ ಕಟ್ಟಿಕೊಂಡ ಸುತ್ತಲಿನ ನಿವಾಸಿಗಳು ಅದರ ಮೇಲೆ ಕಣ್ಣಿಟ್ಟರು. ಅಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರಷ್ಟೇ ಅಲ್ಲ, ಬಲೆ ಬೀಸುವವರೂ ಹಸುವಿಗೆ ಹುಲ್ಲು ಕೊಯ್ಯುವವರೂ ಇದ್ದಾರೆ. ಹುಲ್ಲು ಕೊಯ್ಯುವ ಹೆಂಗಸಿಗೆ ಯಾವ ತಿಂಗಳು ನೀರಿಗೆ ನೊರೆ ಬರುತ್ತದೆ, ಯಾವ ತೂತಿನಿಂದ ಕೊಳಚೆ ನುಗ್ಗುತ್ತದೆ ಎಂಬುದು ಚೆನ್ನಾಗಿ ಗೊತ್ತು. ಯೋಜನೆ ಬರೆಯುವವರು ಮೊದಲು ಮಾತಾಡಿಸಬೇಕಾದ್ದು ಅವಳನ್ನು.

ಚಕ್ಕುಬಂದಿ ಈಗ ಜಿಲ್ಲೆಯ ಗಡಿಯನ್ನೂ ದಾಟಿದೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಪೈಪುಗಳಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ನಾವು ಬಚ್ಚಲಿಗೆ ಬಿಟ್ಟ ನೀರು ಅವರ ಬೋರ್‌ವೆಲ್ಲಿಗೆ ಇಳಿಯುವಾಗ ಅವರೂ ನೋಟಿಸು ಪಡೆಯಬೇಕಾದ ಅಕ್ಕಪಕ್ಕದವರೇ.

ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದಿವೆ. ಇವನ್ನು ತಂದ ಹೊಸ ಕಾಯಿದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಹೊಸ ಮಾಸ್ಟರ್ ಪ್ಲಾನಿನ ಕರಡಿಗೆ ಗೆರೆ ಎಳೆಯುವ ಮುನ್ನವೇ ಪ್ರತಿ ವಾರ್ಡಿನಲ್ಲೂ ಗ್ರಾಮ ನಕ್ಷೆ ಹರಡಿ, ಕನ್ನಡದಲ್ಲಿ ಸಭೆ ನಡೆಸಿ, ಮಹಜರು ಬರೆಯಿರಿ ಎಂದು ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಓದುಗರಲ್ಲಿ ಒಂದು ವಿನಂತಿ: ನಿಮ್ಮ ಮನೆ ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿದೆ, ಹತ್ತಿರದ ರಾಜಕಾಲುವೆ ಯಾವ ಕೆರೆಗೆ ಹೋಗುತ್ತದೆ ಎಂದು ಪತ್ತೆ ಮಾಡಿಕೊಳ್ಳಿ. ಗ್ರಾಮ ನಕ್ಷೆಗಳು ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಆ ಹಾಳೆ ಹಿಡಿದು ನಿಮ್ಮ ವಾರ್ಡ್ ಸಮಿತಿಯ ಮೊದಲ ಸಭೆಗೆ ಹೋಗಿ.