ಡೇಟಾಬೇಸ್ ಲಾಗ್

ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಮೂಲ ಕಡತಕ್ಕೆ ಮುಟ್ಟಿಸುವ ಮೊದಲೇ ಬರೆದಿಡುವ ದಾಖಲೆ. ಅಂಗಡಿಯವರು ವ್ಯವಹಾರವನ್ನು ಮೊದಲು ಕಿರ್ದಿಗೆ ಹತ್ತಿಸಿ, ಪುರುಸೊತ್ತಾದಾಗ ಖಾತೆಗೆ ಇಳಿಸುವ ಕ್ರಮವೇ ಇದು. ಕರೆಂಟು ಹೋಗಿ ಯಂತ್ರ ನಿಂತರೂ ಕಿರ್ದಿಯೊಂದು ಉಳಿದರೆ ಖಾತೆಯನ್ನು ಸರಿಪಡಿಸಬಹುದು.

1970ರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಸಿಸ್ಟಂ ಆರ್ ಯೋಜನೆಯಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು ಲಾಗ್ ಜೊತೆಗೆ, ಪುಟಗಳ ಹಳೆಯ ಪ್ರತಿಯನ್ನು ನೆರಳಿನಂತೆ ಕಾಯ್ದಿಡುವ ವಿಧಾನವನ್ನೂ ಬಳಸಿದರು. ದೊಡ್ಡ ಡೇಟಾಬೇಸಿಗೆ ಈ ನೆರಳು ಒಗ್ಗದೆಂದು 1981ರ ಪ್ರಬಂಧದಲ್ಲಿ ಅವರೇ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ಮುಂದಿನವರಿಗೆ ದಾರಿಯಾಯಿತು. ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ಏರೀಸ್ ವಿಧಾನ ಲಾಗನ್ನೇ ನೆಚ್ಚಿತು: ನಡೆದದ್ದನ್ನೆಲ್ಲ ಮೊದಲು ಮತ್ತೆ ನಡೆಸು, ಆಮೇಲೆ ಅರ್ಧಕ್ಕೆ ನಿಂತದ್ದನ್ನು ಅಳಿಸು.

ಬರೆದದ್ದು ಬೆಳೆಯುತ್ತದೆ, ಡಿಸ್ಕ್ ಬೆಳೆಯುವುದಿಲ್ಲ. ಈ ತಿಕ್ಕಾಟ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಢಾಳಾಗಿ ಕಾಣುತ್ತದೆ. 2001ರ 7.1 ಆವೃತ್ತಿಯಲ್ಲಿ ಅದಕ್ಕೆ ಇಂಥ ಲಾಗ್ ಬಂತು. ಸಾಮಾನ್ಯವಾಗಿ ಒಂದೊಂದು ಲಾಗ್ ಕಡತ 16 ಎಂಬಿ. ಬದಲಾದ ಪುಟಗಳು ಡಿಸ್ಕ್ ಸೇರಿದ ಗುರುತಾಗಿ ಚೆಕ್‌ಪಾಯಿಂಟ್ ಬೀಳುತ್ತದೆ. ಅದಕ್ಕಿಂತ ಹಳೆಯ ಕಡತಗಳನ್ನು, ಬೇರಾರಿಗೂ ಬೇಡವೆಂದಾದರೆ, ಸರ್ವರ್ ಹೊಸ ಹೆಸರಿನಲ್ಲಿ ಮರುಬಳಸುತ್ತದೆ ಅಥವಾ ತೆಗೆಯುತ್ತದೆ. ಬ್ಯಾಕಪ್ ಜಾಗಕ್ಕೆ ಕಡತ ಸಾಗಿಸುವ ಆದೇಶ ಸೋಲುತ್ತಿದ್ದರೆ ಒಂದೂ ಕದಲದೆ ರಾಶಿ ಬೀಳುತ್ತದೆ. ಡಿಸ್ಕ್ ಪೂರ್ತಿ ತುಂಬಿದಾಗ ಸರ್ವರ್ ನಿಂತೇ ಹೋಗುತ್ತದೆ.

ಲಾಗ್ ಇರುತ್ತಿದ್ದ ಫೋಲ್ಡರಿನ ಹೆಸರು ಪಿಜಿ_ಎಕ್ಸ್‌ಲಾಗ್. ಜಾಗ ಸಾಲದೆ ಕಂಗಾಲಾದವರು ಆ ಹೆಸರು ನೋಡಿ, ಇದು ಯಾವುದೋ ಹಳೆಯ ವರದಿಯ ಕಸವೆಂದು ಅಳಿಸಿಬಿಡುತ್ತಿದ್ದರು. ಅಳಿಸಿದ್ದು ಕಿರ್ದಿಯನ್ನೇ. ಆಮೇಲೆ ಲಾಗನ್ನು ಬಲವಂತವಾಗಿ ಹೊಸದಾಗಿಸಿ ಸರ್ವರನ್ನು ಎಬ್ಬಿಸಬಹುದಿತ್ತು, ಆದರೆ ಒಳಗಿನ ಲೆಕ್ಕ ತಾಳೆಯಾಗುತ್ತದೆಂಬ ಖಾತ್ರಿ ಇರಲಿಲ್ಲ. 2017ರ 10ನೇ ಆವೃತ್ತಿಯಲ್ಲಿ ಆ ಫೋಲ್ಡರಿಗೆ ‘ಲಾಗ್’ ಪದವಿಲ್ಲದ ಪಿಜಿ_ವಾಲ್ ಎಂಬ ಹೆಸರಿಟ್ಟರು. ಒಂದು ಹೆಸರು ಬದಲಿಸಿದ್ದು ಎಷ್ಟೋ ಸಾವಿರ ಸಾಲು ಕೋಡಿಗಿಂತ ದೊಡ್ಡ ರಕ್ಷಣೆ ಎಂದೇ ಹೇಳಬೇಕು.

ಲಾಗ್ ರಾಶಿ ಬೀಳಲು ಇನ್ನೊಂದು ದಾರಿಯೂ ಇದೆ. ಮೂಲ ಸರ್ವರಿನ ಲಾಗ್ ಓದಿ ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ನಕಲು ಸರ್ವರ್. 2014ರ 9.4ರಲ್ಲಿ ಬಂದ ರೆಪ್ಲಿಕೇಶನ್ ಸ್ಲಾಟ್, ಅದು ಓದಿ ಮುಗಿಸುವವರೆಗೆ ಲಾಗನ್ನು ಹಿಡಿದಿಡುತ್ತದೆ. ನಕಲು ಸರ್ವರನ್ನು ತೆಗೆದುಹಾಕಿ ಸ್ಲಾಟನ್ನು ಮರೆತರೆ ಮೂಲ ಸರ್ವರಿನ ಡಿಸ್ಕ್ ಸದ್ದಿಲ್ಲದೆ ತುಂಬುತ್ತದೆ. 2020ರ 13ನೇ ಆವೃತ್ತಿ ಇದಕ್ಕೊಂದು ಮಿತಿ ಕೊಟ್ಟಿತು: ಮಿತಿ ಮೀರಿ ಹಿಂದುಳಿದ ನಕಲು ಸರ್ವರ್ ತನಗೆ ಬೇಕಾದ ಲಾಗ್ ಕಳೆದುಕೊಳ್ಳಬಹುದು, ಮೂಲ ಸರ್ವರ್ ಉಳಿಯುತ್ತದೆ. ಆದರೆ ಆ ಮಿತಿಯನ್ನು ನಿರ್ವಾಹಕರೇ ಹಾಕಬೇಕು. ಹಾಕದಿದ್ದರೆ ಮಿತಿಯೇ ಇಲ್ಲ.