ಪಾಟಿಯಿಂದ ನೋಟ್‌ಬುಕ್ಕಿಗೆ: ಹಾವೇರಿ ಸೀಮೆಯ ಮಕ್ಕಳ ಓದು ಬರಹ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯು 1956ರ ಏಕೀಕರಣದವರೆಗೆ ಮುಂಬಯಿ ಆಡಳಿತಕ್ಕೂ 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಗೂ ಸೇರಿದ್ದುದರಿಂದ, ಇಲ್ಲಿನ ಮಕ್ಕಳು ಓದು ಬರಹ ಕಲಿತ ಬಗೆಯಲ್ಲಿ ಮರಾಠಿ ದಫ್ತರಗಳ ನೆರಳು ಬಹುಕಾಲ ಉಳಿಯಿತು. ಸರಕಾರಿ ಶಾಲೆಗಳು ಹರಡುವ ಮೊದಲು ಇದ್ದವು ಗಾಂವಠಿ ಶಾಲೆಗಳು, ಎಂದರೆ ಊರವರು ಕೊಡುವ ಕಾಳುಕಡಿಯ ಮೇಲೆ ಅಯ್ಯಗಳು ನಡೆಸುತ್ತಿದ್ದ ಶಾಲೆಗಳು. ಅಲ್ಲಿ ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು, ಜೈಮಿನಿ ಭಾರತದ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಬರಹವೆಂದರೆ ಬಹುಮಟ್ಟಿಗೆ ಅಂಗಡಿಯ ಕಿರ್ದಿ ಖಾತೆ ಇಲ್ಲವೆ ಕಂದಾಯದ ಕಾಗದ. ಓದೆಂದರೆ ಒಬ್ಬರು ಗಟ್ಟಿಯಾಗಿ ಪುರಾಣ ಓದುವುದು, ಉಳಿದವರು ಕೇಳುವುದು. ಒಬ್ಬನೇ ಕುಳಿತು ಮನಸ್ಸಿನಲ್ಲಿ ಓದಿಕೊಳ್ಳುವ ಹುಡುಗ ಆ ಲೋಕದಲ್ಲಿ ಅಪರೂಪದವನು.

1855ರಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ರೂಪುಗೊಂಡ ಮೇಲೆ, ಮರಾಠಿ ಶಾಲೆಗಳೇ ಮುಂದಾಗಿದ್ದ ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಪ್ರಮುಖರು. ಆ ಕನ್ನಡ ಸಾಲೆಯ ಗುರಿ ಮುಲ್ಕಿ ಪರೀಕ್ಷೆಯಾಗಿತ್ತು. ಏಳನೆಯ ಇಯತ್ತೆ ಮುಗಿಸಿ ಇದರಲ್ಲಿ ಉತ್ತೀರ್ಣನಾದವನಿಗೆ ಮಾಸ್ತರಿಕೆಯೋ ತಲಾಠಿಯ ಕೆಲಸವೋ ಸಿಗುವ ದಾರಿ ತೆರೆಯುತ್ತಿತ್ತು. ಅದಕ್ಕೆ ತಕ್ಕಂತೆ ಕಿತ್ತಾ, ಎಂದರೆ ಮೇಲಿನ ಮಾದರಿಯನ್ನು ನೋಡಿ ಕೆಳಗೆ ಹಾಗೆಯೇ ಬರೆಯುವುದು, ಮತ್ತು ಉಕ್ತಲೇಖನ, ಎಂದರೆ ಮಾಸ್ತರರು ಹೇಳಿದ್ದನ್ನು ತಪ್ಪಿಲ್ಲದೆ ಬರೆಯುವುದು, ಇವೆರಡಕ್ಕೂ ಹೆಚ್ಚಿನ ಬೆಲೆಯಿತ್ತು. ದುಂಡಗಿನ ಅಕ್ಷರ ನೌಕರಿ ಕೊಡಿಸುತ್ತಿದ್ದ ಕಾಲದಲ್ಲಿ ಇದನ್ನು ಹಳಿಯುವುದು ಸುಲಭವೇನಲ್ಲ. ಆದರೂ ಓದಿದ ಪಾಠದ ಬಗೆಗೆ ಹುಡುಗನಿಗೆ ಏನನಿಸಿತೆಂದು ಕೇಳುವ ಪದ್ಧತಿ ಇದರಲ್ಲಿ ಬೆಳೆಯುವಂತಿರಲಿಲ್ಲ. ಪಾಟಿಯ ಮೇಲೆ ಬರೆದದ್ದು ಮುಂದಿನ ಲೆಕ್ಕಕ್ಕೆ ಜಾಗ ಬಿಡಬೇಕಾಗಿ ಆಗಲೇ ಒರೆಸಿ ಹೋಗುತ್ತಿತ್ತು ಎಂಬುದೂ ಒಂದು ಕಾರಣವೇ.

ಸ್ವಂತ ಓದಿನ ರುಚಿ ಹತ್ತಿದ್ದು ಶಾಲೆಯ ಹೊರಗೆ, ಅದೂ ಒಬ್ಬ ಶಾಲಾ ಮಾಸ್ತರರಿಂದ. ಹಾವೇರಿ ತಾಲೂಕಿನ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡು ಕಾದಂಬರಿ ಬರೆದರು, ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಮತ್ತು 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವ ರೂಢಿಯೇ ಬೇರೂರಿರದ ದಿನಗಳಲ್ಲಿ ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪಠ್ಯಪುಸ್ತಕ ಪರೀಕ್ಷೆ ಮುಗಿದೊಡನೆ ಗೂಡು ಸೇರುತ್ತದೆ. ಕಂತುಕಂತಾಗಿ ಬರುವ ಕತೆಯಾದರೋ ಮುಂದಿನ ಸಂಚಿಕೆಯ ದಾರಿ ಕಾಯಿಸುತ್ತದೆ. ಪುರಾಣ ಕೇಳಿ ಬೆಳೆದವರು ಓದುಗರಾಗಿ ಮಾರ್ಪಟ್ಟದ್ದು ಈ ಕಾಯುವಿಕೆಯಲ್ಲಿ ಎಂದರೆ ತಪ್ಪಾಗದು.

ಪುಸ್ತಕದ ಗಂಟು ಹೊರುವ ಕೆಲಸ ಕ್ರಮೇಣ ಸರಕಾರದ ಪಾಲಿಗೆ ಬಂತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲ ಹಳ್ಳಿಯ ಹುಡುಗರಿಗೆ ಮುಟ್ಟಲು ದಶಕಗಳೇ ಬೇಕಾದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತವಾಗಿ ನೀಡಿದ್ದರಿಂದ, ಹಿರಿಯ ಪ್ರಾಥಮಿಕ ಶಾಲೆಯ ವಿದ್ಯಾರ್ಥಿಯು ಮಾಸ್ತರರು ಕೊಟ್ಟ ಪುಸ್ತಕದ ಜೊತೆಗೆ ತಾನೇ ಆರಿಸಿಕೊಂಡದ್ದನ್ನೂ ಮನೆಗೆ ಒಯ್ಯುವಂತಾಯಿತು.

ಓದಿದ್ದರ ಬಗೆಗೆ ಬರೆಯುವ ಕೆಲಸ ಇನ್ನೂ ಹಿಂದೆಯೇ ಇದೆ. ಪಾಠದ ಕೊನೆಯ ಪ್ರಶ್ನೆಗೆ ಗೈಡಿನಿಂದ ಉತ್ತರ ಇಳಿಸಿಕೊಳ್ಳುವುದು ಕಿತ್ತಾದ ಹತ್ತಿರದ ನಂಟೇ ಆಗಿದೆ. ಕತೆಯಲ್ಲಿ ಯಾರು ಮಾಡಿದ್ದು ಸರಿ, ಯಾಕೆ ಸರಿ ಎಂದು ಹುಡುಗಿಯೊಬ್ಬಳು ನಾಲ್ಕು ಸಾಲು ಬರೆದರೆ, ಅದನ್ನು ತಿದ್ದುವ ಶಿಕ್ಷಕರು ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆಯುವ ಮೊದಲು ಅವಳ ವಾದವನ್ನು ಓದಬೇಕಾಗುತ್ತದೆ. ಪಾಟಿಯಂತೆ ನೋಟ್‌ಬುಕ್ಕನ್ನು ಒರೆಸಬೇಕಾಗಿಲ್ಲವಾದ್ದರಿಂದ, ಜೂನ್‌ನಲ್ಲಿ ಅವಳು ಬರೆದದ್ದು ಮಾರ್ಚ್‌ನಲ್ಲಿಯೂ ಅವಳ ಕೈಯಲ್ಲೇ ಇರುತ್ತದೆ.